ಧೂಳೇ ಇಲ್ಲದ ಊರಿನಲ್ಲಿ ಎರಡು ದಿನ

ಹೋದ ತಿಂಗಳು ಅಂಗಡಿಯ ಹಳೆಯ ಮೇಜನ್ನು ಗುಜರಿಗೆ ಹಾಕುವ ಮುಂಚೆ ಅದರ ಖಾನೆಗಳನ್ನು ಖಾಲಿ ಮಾಡುತ್ತಿದ್ದೆ. ಕಿತ್ತುಬಂದ ಗುಂಡಿಗಳು, ಗಿರಾಕಿಗಳ ಜೇಬಿನಲ್ಲಿ ಸಿಕ್ಕು ಯಾರೂ ಕೇಳಿ ಬಾರದ ಬೀಗದ ಕೈಗಳು, ಬಟ್ಟೆಗೆ ಗುರುತು ಹಾಕುವ ಒಣಗಿದ ಶಾಯಿ... ಎಲ್ಲದರ ಕೆಳಗಿನಿಂದ ಹೆಬ್ಬೆರಳಿನಷ್ಟು ಉದ್ದದ ಗಾಜಿನ ಸೀಸೆಯೊಂದು ಉರುಳಿಕೊಂಡು ಬಂತು. ತಳದಲ್ಲಿ ನಾಲ್ಕು ಹನಿ ಹಸಿರೆಣ್ಣೆ ಉಳಿದಿತ್ತು. ಮುಚ್ಚಳ ತಿರುಗಿಸಿದ್ದೇ ತಡ, ನೀಲಗಿರಿಯೂ ಕರ್ಪೂರವೂ ಬೆರೆತಂಥ ಆ ಖಾರದ ವಾಸನೆ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ವಾಸನೆಗೆ ಬಂದದ್ದು ಎಂದು ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದೆ. ಅವಳೂ ನಂಬಿದಂತೆ ಮಾಡಿದಳು.

ಅದು ನನ್ನ ದೋಸ್ತ ಕೊಡಿಸಿದ ಸೀಸೆ. ಗಣಿಯ ಕಾಲದಲ್ಲಿ ಒಂದು ಶನಿವಾರ ಮತ್ತು ಒಂದು ಭಾನುವಾರದ ಮಟ್ಟಿಗೆ ನಾನು ಸಿಂಗಪುರಕ್ಕೆ ಅವನನ್ನು ನೋಡಲು ಹೋಗಿದ್ದೆ. ಅವನಿಗೊಂದು ಹೆಸರಿತ್ತು. ನಾನು ಎಂದೂ ಅದನ್ನು ಹಿಡಿದು ಕರೆದವನಲ್ಲ, ದೋಸ್ತ ಅಂದೇ ಅಭ್ಯಾಸ. ಈಗ ಆ ಹೆಸರು ಬರೆಯಲೂ ಮನಸ್ಸಿಲ್ಲ. ಆ ಎರಡು ದಿನಗಳಲ್ಲಿ ನಾನು ಒಂದೇ ಒಂದು ನಿಜ ಹೇಳಿದ್ದರೆ ಅವನು ಇವತ್ತು ಬದುಕಿರುತ್ತಿದ್ದ. ಹೇಳಲಿಲ್ಲ. ಬೇರೆಯೇ ಮಾತು ಹೇಳಿ, ವಿಮಾನ ಹತ್ತಿ ಬಂದುಬಿಟ್ಟೆ. ಇದನ್ನು ಬರೆಯಲು ಕೂತಿರುವುದು ಅದಕ್ಕೇ.

ನಮ್ಮದು ಹೊಸಪೇಟೆಯಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಲಾಂಡ್ರಿ. ಆ ವರ್ಷಗಳಲ್ಲಿ ಊರಿನಲ್ಲಿ ಬಿಳಿ ಎನ್ನುವ ಬಣ್ಣವೇ ಉಳಿದಿರಲಿಲ್ಲ. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿದ ಲಾರಿಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಇಳಿದು ಬರುತ್ತಿದ್ದವು. ರಸ್ತೆ, ರಸ್ತೆ ಬದಿಯ ಬೇವು, ಬೇವಿನ ಕೆಳಗೆ ಮಲಗಿದ ಎಮ್ಮೆ, ಎಲ್ಲವೂ ಒಂದೇ ಕೆಂಪು. ತಲೆಗೆ ನೀರು ಹಾಕಿಕೊಂಡರೆ ಬಚ್ಚಲಲ್ಲಿ ಕೆಂಪು ನೀರು ಹರಿಯುತ್ತಿತ್ತು. ಚಹಾದ ಅಂಗಡಿಯವನು ಕಪ್ಪಿನ ಮೇಲೆ ಬಸಿ ಮುಚ್ಚಿ ಕೊಡುತ್ತಿದ್ದ. ತಮಾಷೆಯೆಂದರೆ ಗಣಿಯಿಂದ ಮೇಲೆ ಬಂದವರಿಗೆಲ್ಲ ಬಿಳಿ ಬಟ್ಟೆಯದೇ ಹುಚ್ಚು. ಬಿಳಿ ಅಂಗಿ, ಬಿಳಿ ಪ್ಯಾಂಟು, ಕೆಲವರಿಗೆ ಬಿಳಿ ಬೂಟು. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ನನ್ನ ಅಂಗಡಿಗೆ ಬರುತ್ತಿತ್ತು. ಆ ಧೂಳನ್ನು ಬೈಯದ ಬಾಯಿ ಊರಿನಲ್ಲಿ ಇರಲಿಲ್ಲ. ನಾನು ಮಾತ್ರ ಬೈಯುತ್ತಿರಲಿಲ್ಲ, ಅದರ ಅನ್ನ ತಿಂದವನು ನಾನು.

ಕಲೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಕಣ್ಣಿಗಿಂತ ಬೆರಳನ್ನು ನಂಬಬೇಕು ಎಂದು ಅಪ್ಪ ಕಲಿಸಿದ್ದ. ಅದಿರಿನ ಧೂಳನ್ನು ನೀರಿನಲ್ಲಿ ಉಜ್ಜಿದರೆ ಬೆರಳಿಗೆ ಸಣ್ಣ ರವೆ ಹತ್ತಿದಂತಾಗುತ್ತದೆ, ಆಮೇಲೆ ಬಕೆಟ್ಟಿನ ತಳಕ್ಕೆ ಕೂರುತ್ತದೆ. ಅರಿಶಿನದ ಕಲೆ ಸೋಪು ತಾಗಿದರೆ ಕೆಂಪಾಗುತ್ತದೆ. ರಕ್ತವಾದರೆ ತಣ್ಣೀರಿನಲ್ಲಿ ಗುಲಾಬಿ ಬಣ್ಣ ಬಿಡುತ್ತದೆ, ಬೆರಳಿಗೆ ಜಾರುತ್ತದೆ. ಅದರ ಮೇಲೆ ಬಿಸಿನೀರು ಬಿತ್ತೋ, ಕಂದಾಗಿ ಗಟ್ಟಿಯಾಗಿ ಕೂತುಬಿಡುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿದರೂ ಯಾವ ಕಲೆ ಯಾವುದೆಂದು ಹೇಳಬಲ್ಲೆ ಎಂದು ನಾನು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಅಪ್ಪ ಕಲಿಸಿದ ಇನ್ನೊಂದು ಪಾಠವೂ ಇತ್ತು. ಬಟ್ಟೆಯಲ್ಲಿ ಏನೇ ಕಂಡರೂ ಗಿರಾಕಿಯ ಮುಂದೆ ಅದರ ಹೆಸರು ಹೇಳಬಾರದು. ಮನೆಮನೆಯ ಬಟ್ಟೆ ನಮ್ಮ ಕೈಗೆ ಬರುತ್ತದೆ, ಯಾರ ಮನೆಯಲ್ಲಿ ಏನು ನಡೆಯಿತು ಎಂಬುದು ನೆರೆಯವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಬಾಯಿ ಬಿಟ್ಟರೆ ಅಂಗಡಿಗೆ ಬೀಗ. ಗಣಿಯ ಕಾಲದಲ್ಲಿ ಈ ಕೆಲಸ ಬಹಳ ಸುಲಭವಾಗಿಬಿಟ್ಟಿತ್ತು. ಕಾಲರಿನ ಮೇಲೆ ತುಟಿಯ ಬಣ್ಣವಿರಲಿ, ಜಗಳದಲ್ಲಿ ಹರಿದ ತೋಳಿನ ಮೇಲೆ ರಕ್ತವಿರಲಿ, "ಧೂಳ್ರಿ, ಹೋಗ್ತತಿ ಬಿಡ್ರಿ" ಎಂದರೆ ಮುಗಿಯಿತು. ಗಿರಾಕಿಯ ಮುಖ ಸಡಿಲವಾಗುತ್ತಿತ್ತು. ದಿನಕ್ಕೆ ಎಷ್ಟು ಸಲ ಆ ಮಾತು ಹೇಳುತ್ತಿದ್ದೆನೋ... ಕೇಳುವ ಮುಂಚೆಯೇ ಬಾಯಿಗೆ ಬರುವಷ್ಟು ರೂಢಿಯಾಗಿತ್ತು.

ದೋಸ್ತ ಕಡ್ಡಿರಾಂಪುರದವನು, ವೆಲ್ಡರ್. ಮೊದಲು ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸ ಮಾಡಿದ, ಆಮೇಲೆ ಸಂಡೂರಿನ ಕಡೆ ಅದಿರು ಪುಡಿ ಮಾಡುವ ಯಂತ್ರಗಳ ರಿಪೇರಿಗೆ ಸೇರಿದ. ಸಂಜೆ ಬಸ್ಸಿಳಿದು, ತನ್ನೂರಿನ ಬಸ್ಸು ಬರುವ ತನಕ ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ಕಣ್ಣು ಹಲ್ಲು ಬಿಟ್ಟರೆ ಮೈಯೆಲ್ಲ ಕೆಂಪು. ನನ್ನನ್ನು ಸೋಪಿನ ಸಾಹೇಬ ಎಂದು ಕಿಚಾಯಿಸುತ್ತಿದ್ದ. ನಾನು ಅವನನ್ನು ಬೆಂಚಿನಿಂದ ಏಳಿಸಿ, ಅವನು ಕೂತ ಜಾಗವನ್ನು ಅವನೆದುರಿಗೇ ಒರೆಸುತ್ತಿದ್ದೆ. ಹೀಗೇ ಏಳೆಂಟು ವರ್ಷ ನಡೆಯಿತು. ನೆಂಟಸ್ತಿಕೆ ಇಲ್ಲ, ಒಂದೇ ಓಣಿಯಲ್ಲ, ಕೂಡಿ ಓದಿದವರೂ ಅಲ್ಲ; ಬಸ್ಸು ತಡವಾಗಿ ಬಂದ ಪುಣ್ಯಕ್ಕೆ ಗಂಟುಬಿದ್ದ ಗೆಳೆತನ ನಮ್ಮದು.

ಅವನಿಗೆಂದೇ ಒಂದು ಡಬ್ಬಿಯಲ್ಲಿ ಕಂಪ್ಲಿ ಕಡೆಯ ಬೆಲ್ಲ ಇಟ್ಟಿರುತ್ತಿದ್ದೆ. ಧೂಳಿನಲ್ಲಿ ದುಡಿಯುವವರು ಕೆಲಸ ಬಿಟ್ಟ ಮೇಲೆ ಒಂದು ತುಂಡು ಬೆಲ್ಲ ತಿಂದರೆ ಎದೆಯಲ್ಲಿ ಕೂತ ಧೂಳು ಕರಗಿ ಬರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅವನು ಬೆಲ್ಲ ಚೀಪುತ್ತ ಕೂತು, ನಡುವೆ ಎದ್ದುಹೋಗಿ ಚರಂಡಿಗೆ ಉಗುಳಿ ಬರುತ್ತಿದ್ದ. ಉಗುಳು ಕೆಂಪಗಿರುತ್ತಿತ್ತು. ಅವನದಷ್ಟೇ ಅಲ್ಲ, ಲಾರಿ ಡ್ರೈವರನದು, ಹೂ ಮಾರುವವಳದು, ನನ್ನದು, ಎಲ್ಲರದೂ ಹಾಗೆಯೇ. ಮೂಗು ಒರೆಸಿದ ಕರ್ಚೀಫು ಕೆಂಪಾದರೆ ನಾವು ಯಾರೂ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ. ಬೇರೆ ಊರಿನವರು ಕೆಂಪು ಕಂಡರೆ ಬೆಚ್ಚುತ್ತಾರೆ. ನಮಗೆ ಆ ಬೆಚ್ಚುವಿಕೆಯೇ ತಪ್ಪಿಹೋಗಿತ್ತು.

ಆಮೇಲೆ ಅವನು ಸಿಂಗಪುರಕ್ಕೆ ಹೋದ, ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸಕ್ಕೆ. ಎರಡು ವರ್ಷ ದುಡಿದು ಬಂದು ಕಂಪ್ಲಿ ರಸ್ತೆಯಲ್ಲಿ ಸ್ವಂತದ ಗ್ರಿಲ್ ಅಂಗಡಿ ಹಾಕುವುದು ಅವನ ಲೆಕ್ಕಾಚಾರ. ಕಡ್ಡಿರಾಂಪುರದಲ್ಲಿ ಹೆಂಡತಿಯನ್ನು ಬಿಟ್ಟು ಹೋಗುವಾಗ ಅವನ ಮುಖ ಸಣ್ಣಗಾಗಿತ್ತು. ಹೋಗುವ ಮುಂಚೆ ಎದೆಯ ಫೋಟೋ ತೆಗೆಸಬೇಕಾಯಿತು. ಅದನ್ನು ನನ್ನ ಅಂಗಡಿಗೆ ತಂದು, ಬೆಳಕಿಗೆ ಹಿಡಿದು ತೋರಿಸಿದ. "ನೋಡಲೇ, ಇಷ್ಟು ವರ್ಷ ಧೂಳು ಕುಡದೀನಿ, ಒಳಗ ಒಂದು ಚುಕ್ಕಿನೂ ಇಲ್ಲ. ನಿನ್ನ ಬೆಲ್ಲದ ಪುಣ್ಯ." ಡಾಕ್ಟರಿಗಿಂತ ಹೆಚ್ಚು ಬೀಗಿದವನು ನಾನು.

ಒಂದೂವರೆ ವರ್ಷ ಕಳೆದಿರಬೇಕು. ಅವನ ಫೋನು ಪ್ರತಿ ಭಾನುವಾರ ಬರತೊಡಗಿತು. ಮೊದಲು ಊರಿನ ಸುದ್ದಿ ಕೇಳುತ್ತಿದ್ದ, ಕೊನೆಗೆ ಒಂದೇ ಮಾತು: "ಬಾರಲೇ ಎರಡು ದಿನ. ನೋಡಿ ಹೋಗುವಂತಿ." ನಾಲ್ಕೈದು ವಾರ ಅದೇ ರಾಗ. ಜೀವಮಾನದಲ್ಲಿ ನನ್ನಿಂದ ಒಂದು ತುಂಡು ಬೆಲ್ಲ ಬಿಟ್ಟರೆ ಏನೂ ಬಯಸದ ಮನುಷ್ಯ ಇಷ್ಟು ಜುಲುಮೆ ಯಾಕೆ ಮಾಡುತ್ತಿದ್ದಾನೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಆಗ ಹೊಸಪೇಟೆಯಲ್ಲಿ ಪಾಸ್‌ಪೋರ್ಟ್ ಇಲ್ಲದವನು ಮನುಷ್ಯನೇ ಅಲ್ಲ ಎನ್ನುವಂಥ ಗಾಳಿ. ನನ್ನ ಗಿರಾಕಿಗಳು ಶುಕ್ರವಾರ ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಹೋಗಿ, ಸೋಮವಾರ ಬ್ಯಾಂಕಾಕಿನ ಸುದ್ದಿ ಹೇಳುತ್ತಿದ್ದರು. ನನಗೂ ಆಸೆ ಇತ್ತು, ಸುಳ್ಳು ಯಾಕೆ. ಅಂಗಡಿಗೆ ಬೀಗ ಹಾಕಿ ಹೊರಟೇಬಿಟ್ಟೆ. ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ನಾನು ನೆನಪಿಟ್ಟು ಎರಡು ಅಚ್ಚು ಬೆಲ್ಲ ಇಟ್ಟುಕೊಂಡೆ.

ಶನಿವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಹೊರಗೆ ಅವನು ನಿಂತಿದ್ದ. ಮೊದಲು ಗುರುತು ಹತ್ತಲಿಲ್ಲ. ಮೈಮೇಲೆ ಕೆಂಪಿಲ್ಲದ ದೋಸ್ತನನ್ನು ನಾನು ನೋಡಿದ್ದೇ ಕಡಿಮೆ. ಬಣ್ಣ ತಿಳಿಯಾಗಿತ್ತು, ಗಲ್ಲ ಒಳಗೆ ಹೋಗಿತ್ತು, ಅಂಗಿ ಬೇರೆ ಯಾರದೋ ಅನ್ನುವಷ್ಟು ದೊಡ್ಡದಾಗಿತ್ತು. "ಭಾಳ ಸಣ್ಣಾಗಿಯಲ್ಲೋ" ಎಂದೆ. "ಇಲ್ಲಿ ಮೀನು, ಅನ್ನ. ರೊಟ್ಟಿ ಇಲ್ಲದ ಮೈ ಎಲ್ಲಿ ನಿಲ್ತತಿ" ಎಂದು ನನ್ನ ಚೀಲ ಕಸಿದುಕೊಂಡ. ಹತ್ತು ಹೆಜ್ಜೆ ಹೋಗಿ ಚೀಲ ಕೆಳಗಿಟ್ಟು, ಬೇರೆ ಕಡೆ ತಿರುಗಿ ಕೆಮ್ಮಿದ. ಆಮೇಲೆ ಚೀಲ ನಾನೇ ಹೊತ್ತೆ.

ಆ ದಿನವಿಡೀ ಅವನು ನನಗೆ ಊರು ತೋರಿಸಿದ. ನೆಲದ ಕೆಳಗೆ ಓಡುವ ರೈಲು, ಬಾಯಿಂದ ನೀರು ಉಗುಳುವ ಸಿಂಹದ ಮೂರ್ತಿ, ಸಮುದ್ರದಲ್ಲಿ ಸಾಲಾಗಿ ನಿಂತ ಹಡಗುಗಳು. ಒಂದು ಹಡಗನ್ನು ಬೆರಳು ಮಾಡಿ ತೋರಿಸಿ, "ನಮ್ಮ ಗುಡ್ಡದ ಅದಿರು ಚೀನಾಕ್ಕ ಹೋಗಿ, ಅಲ್ಲಿಂದ ತಗಡಾಗಿ ಇಲ್ಲಿಗೆ ಬರ್ತತಂತ. ಸಂಡೂರು ಗುಡ್ಡಕ್ಕ ಇಲ್ಲಿ ಕುಂತು ಬೆಸಿಗಿ ಹಾಕ್ತೀನಿ ನೋಡು" ಎಂದು ನಕ್ಕ. ನಾನು ಹಡಗು ನೋಡಲಿಲ್ಲ, ಸಿಂಹವನ್ನೂ ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣು ನನ್ನ ಕಸುಬಿನ ಮೇಲೆ ಇತ್ತು. ಹತ್ತು ಹನ್ನೆರಡು ಅಂತಸ್ತಿನ ಮನೆಗಳ ಕಿಟಕಿಯಿಂದ ಬಿದಿರು ಕೋಲುಗಳನ್ನು ಹೊರಗೆ ಚಾಚಿ ಬಟ್ಟೆ ಒಣಗಿಸುತ್ತಿದ್ದರು. ಬಿಳಿ ಹಾಸಿಗೆ ಬಟ್ಟೆ, ಬಿಳಿ ಬನಿಯನ್ನು, ರಸ್ತೆಯ ಪಕ್ಕದಲ್ಲೇ! ನಮ್ಮೂರಲ್ಲಿ ಹಾಗೆ ಹಾಕಿದರೆ ಒಣಗುವುದರೊಳಗೆ ಕಾವಿ ಬಟ್ಟೆಯಾಗುತ್ತದೆ. ನಾನು ಬಾಯಿ ತೆರೆದು ನಿಂತದ್ದನ್ನು ಕಂಡು ಅವನಿಗೆ ನಗು.

ಸಂಜೆ ಒಂದು ತಮಿಳರ ಮೆಸ್ಸಿನಲ್ಲಿ ಉಣ್ಣುತ್ತ ನಾನು ನನ್ನ ಅಂಗಿಯ ಕಾಲರನ್ನು ತಿರುಗಿಸಿ ಅವನಿಗೆ ತೋರಿಸಿದೆ. ಬೆಳಗಿನಿಂದ ತಿರುಗಿದ ಬಿಳಿ ಅಂಗಿ, ಇಸ್ತ್ರಿ ಪೆಟ್ಟಿಗೆಯ ಕೆಳಗಿನಿಂದ ಈಗ ತೆಗೆದಂತಿತ್ತು. "ಇಲ್ಲಿ ಒಂದು ಕಣ ಧೂಳಿಲ್ಲಲೇ. ನಾನು ಇಲ್ಲಿ ಅಂಗಡಿ ಇಟ್ರ ಉಪವಾಸ ಸಾಯ್ತೀನಿ" ಎಂದೆ. ಆ ಮಾತು ನನ್ನದೇ, ನನ್ನ ಬಾಯಿಂದಲೇ ಬಂದದ್ದು. ಅವನು ತಟ್ಟೆಯಿಂದ ತಲೆ ಎತ್ತಿ ನನ್ನನ್ನೇ ನೋಡಿದ. ಏನೋ ಹೇಳುವವನಿದ್ದ ಅನಿಸುತ್ತದೆ... ಆಮೇಲೆ ಸಾರು ಹಾಕಿಸಿಕೊಂಡ.

ಅವನಿದ್ದ ಕೂಲಿಕಾರರ ವಸತಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಅದಕ್ಕೆ ನಮ್ಮವರು ಹೆಚ್ಚಿರುವ ಪೇಟೆಯಲ್ಲಿ ಸಣ್ಣದೊಂದು ಲಾಡ್ಜಿನ ಕೋಣೆ ಹಿಡಿದಿದ್ದೆವು. ಭಾನುವಾರ ಬೆಳಿಗ್ಗೆ ನಾನು ಬೇಗ ಎದ್ದೆ. ಕೈಗೆ ಕೆಲಸವಿಲ್ಲದಿದ್ದರೆ ನನಗೆ ಮೈ ಕೈ ನೋವು. ನನ್ನ ಅಂಗಿ ಒಗೆಯಲು ಬಚ್ಚಲಿಗೆ ಹೋದವನು, ಕುರ್ಚಿಯ ಮೇಲೆ ನೇತಾಡುತ್ತಿದ್ದ ಅವನ ಪ್ಯಾಂಟಿನ ಜೇಬಿನಿಂದ ಎರಡು ಕರ್ಚೀಫು ತೆಗೆದುಕೊಂಡೆ. ಬಿಳಿ ಕರ್ಚೀಫು. ಮಡಿಕೆಯೊಳಗೆ ಕೆಂಪು.

ನಲ್ಲಿಯ ತಣ್ಣೀರಿಗೆ ಹಿಡಿದೆ. ನೀರು ಗುಲಾಬಿಯಾಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದೆ. ರವೆ ಹತ್ತಲಿಲ್ಲ. ಮತ್ತೆ ಉಜ್ಜಿದೆ. ಜಾರಿತು. ಎರಡನೆಯ ಕರ್ಚೀಫಿನಲ್ಲಿ ಹಳೆಯದೊಂದು ಕಲೆಯಿತ್ತು. ಅದಕ್ಕೆ ಅವನೇ ಬಿಸಿನೀರು ಹಾಕಿ ತೊಳೆಯಲು ನೋಡಿದ್ದನೋ ಏನೋ, ಅಂಚಿನಲ್ಲಿ ಕಂದಾಗಿ ಕೂತಿತ್ತು. ಇಪ್ಪತ್ತು ವರ್ಷದ ಕಸುಬು. ಬೆರಳಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಇವತ್ತು ಅದನ್ನು ಬರೆಯಲಾರೆ. ಕೈಯಲ್ಲಿ ಹಿಡಿದದ್ದು ರಕ್ತ ಎಂಬುದು ನನಗೆ ಗೊತ್ತಿತ್ತು.

ಹಿಂದಿನಿಂದ ಅವನ ಧ್ವನಿ ಬಂತು. ಎಷ್ಟು ಹೊತ್ತಿನಿಂದ ಬಚ್ಚಲ ಬಾಗಿಲಿಗೆ ಒರಗಿ ನಿಂತಿದ್ದನೋ. "ಏನ್ಲೇ ಸೋಪಿನ ಸಾಹೇಬ, ಏನಂತಿ? ನಮ್ಮೂರ ಧೂಳಾ?"

ನಗುತ್ತಲೇ ಕೇಳಿದ. ಆದರೆ ಕಣ್ಣು ನಗುತ್ತಿರಲಿಲ್ಲ, ನನ್ನ ಬೆರಳನ್ನೇ ನೋಡುತ್ತಿತ್ತು. ನಾನು ತಿರುಗಿದೆ. ಆ ಮುಖ ನನಗೆ ಚೆನ್ನಾಗಿ ಪರಿಚಯದ ಮುಖ. ಬಟ್ಟೆ ಕೊಟ್ಟು, ನಾನು ಏನು ಹೇಳುತ್ತೇನೋ ಎಂದು ಉಸಿರು ಬಿಗಿಹಿಡಿದು ನಿಲ್ಲುವ ಗಿರಾಕಿಯ ಮುಖ ಅದು. ನನ್ನ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತು.

"ಧೂಳ ಮತ್ತೇನು. ಹೋಗ್ತತಿ ಬಿಡು."

"ಇಲ್ಲಿಗೆ ಬಂದು ಒಂದೂವರಿ ವರ್ಷ ಆತಲ್ಲೋ."

"ನಮ್ಮ ಗುಡ್ಡದ ಧೂಳು ಅಷ್ಟು ಜಲ್ದಿ ಬಿಡತೈತೇನು? ಹಡಗಿನ ತುಕ್ಕು ಬ್ಯಾರೆ ಕುಡಿತಿ. ಬೆಲ್ಲ ತಂದೀನಿ, ದಿನಾ ಒಂದು ತುಂಡು ತಿನ್ನು."

ಅವನ ಮುಖ ಸಡಿಲವಾಯಿತು. ಎಲ್ಲ ಗಿರಾಕಿಗಳ ಮುಖ ಸಡಿಲವಾಗುವಂತೆಯೇ. ಮಂಚದ ಮೇಲೆ ಕೂತು, ನಾನು ಒಡೆದುಕೊಟ್ಟ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚೀಪಿದ. "ಇಲ್ಲಿ ಡಾಕ್ಟರ ಹತ್ರ ಹೋದ್ರ ಮೊದಲು ಎದಿ ಫೋಟೋ ತೆಗಿತಾರಂತ. ಏನರ ಕಂಡ್ರ ಸೀದಾ ವಿಮಾನ ಹತ್ತಿಸ್ತಾರಂತ ನಮ್ಮ ಹುಡುಗರು ಅಂತಾರ. ಇನ್ನ ಆರು ತಿಂಗಳ ಉಳದೈತಿ, ಮುಗಿಸೇ ಬರ್ತೀನಿ" ಎಂದ. ನಾನು ಹೂಂ ಎಂದೆ. ಬಚ್ಚಲಿಗೆ ವಾಪಸು ಹೋಗಿ ಆ ಎರಡು ಕರ್ಚೀಫುಗಳನ್ನು ಉಪ್ಪು ಹಾಕಿದ ತಣ್ಣೀರಿನಲ್ಲಿ ನೆನೆಸಿದೆ. ಉಪ್ಪು, ತಣ್ಣೀರು. ಧೂಳಿಗೆ ಯಾರಾದರೂ ಉಪ್ಪು ಹಾಕುತ್ತಾರೆಯೇ. ನನ್ನ ಕೈ ನಿಜ ಮಾಡುತ್ತಿತ್ತು, ಬಾಯಿ ಸುಳ್ಳು ಹೇಳಿಯಾಗಿತ್ತು. ಕರ್ಚೀಫುಗಳು ಬೆಳ್ಳಗಾದವು. ಕಿಟಕಿಯಲ್ಲಿ ಒಣಗಿಸಿ, ಮಡಿಸಿ, ಅವನ ಜೇಬಿನಲ್ಲಿಟ್ಟೆ.

ಮಧ್ಯಾಹ್ನ ಅವನಿಗೆ ಎಲ್ಲಿಲ್ಲದ ಹುರುಪು ಬಂದಿತ್ತು. ಭಾನುವಾರದ ರಜೆಗೆ ಕೂಲಿಕಾರರೆಲ್ಲ ಬಂದು ಕೂರುವ ಹುಲ್ಲಿನ ಬಯಲಿಗೆ ಕರೆದುಕೊಂಡು ಹೋದ. ಖಡಕ್ ರೊಟ್ಟಿ ಮುರಿದು ಸಿಕ್ಕವರಿಗೆಲ್ಲ ಹಂಚಿದ. ಯಾವ ಊರು ಎಂದು ಕೇಳಿದವರಿಗೆ ಹಂಪಿ ಎಂದ; ಕಡ್ಡಿರಾಂಪುರ ಅಂದರೆ ಯಾರಿಗೆ ತಿಳಿಯಬೇಕು. ಒಂದು ಚೀನೀ ಅಂಗಡಿಯ ಮುಂದೆ ನಿಂತು ಆ ಹಸಿರೆಣ್ಣೆಯ ಸೀಸೆ ಕೊಂಡು ನನ್ನ ಜೇಬಿಗೆ ಹಾಕಿದ. "ಇಸ್ತ್ರಿ ಝಳಕ್ಕ ನಿನಗ ತಲಿ ನೋಯ್ತತಲ್ಲ, ಹಣಿಗೆ ಹಚ್ಕೋ." ಎದೆಯಲ್ಲಿ ರಕ್ತ ಇಟ್ಟುಕೊಂಡವನು ನನ್ನ ತಲೆನೋವಿಗೆ ಔಷಧ ಕೊಡಿಸಿದ. ನಾನು ತೆಗೆದುಕೊಂಡೆ. ಸಂಜೆ ವಿಮಾನ ನಿಲ್ದಾಣದಲ್ಲಿ ಅವನು ನನ್ನ ಭುಜ ಹಿಡಿದು ಅಲುಗಾಡಿಸಿ, "ನೀ ಬಂದಿದ್ದು ಭಾಳ ಛಲೋ ಆತು ನೋಡು, ಜೀವಕ್ಕ ಸಮಾಧಾನ ಆತು" ಎಂದ. ಅವನ ಬೆನ್ನು ಜನರ ನಡುವೆ ಕಾಣದಾಗುವ ತನಕ ನೋಡುತ್ತಿದ್ದೆ. ಓಡಿಹೋಗಿ ಹಿಡಿದು ನಿಲ್ಲಿಸಲು ಇನ್ನೂ ಹೊತ್ತಿತ್ತು. ಒಳಗೆ ಬಿಡುವವನು ಪಾಸ್‌ಪೋರ್ಟ್ ಕೇಳಿದ, ಕೊಟ್ಟೆ.

ಊರಿಗೆ ಬಂದ ಮೇಲಾದರೂ ಫೋನು ಮಾಡಬಹುದಿತ್ತು. ಅವನ ಹೆಂಡತಿಗೆ ಹೇಳಬಹುದಿತ್ತು. ನಾಳೆ ಹೇಳೋಣ, ಬರುವ ಭಾನುವಾರ ಹೇಳೋಣ... ಭಾನುವಾರ ಅವನೇ ಫೋನು ಮಾಡಿ, "ಬೆಲ್ಲ ದಿನಾ ತಿಂತೀನಿ, ಕೆಮ್ಮು ಕಮ್ಮಿ ಆಗೇತಿ" ಎನ್ನುತ್ತಿದ್ದ. ಆಗ ನನಗೆ ಹಾಯೆನಿಸುತ್ತಿತ್ತು. ನಿಜಕ್ಕೂ ಧೂಳೇ ಇದ್ದರೂ ಇದ್ದೀತು ಎಂದು ನನ್ನ ಸುಳ್ಳನ್ನು ನಾನೇ ನಂಬಲು ಶುರುಮಾಡಿದೆ. ಸುತ್ತಲೂ ಎಲ್ಲರ ಕರ್ಚೀಫೂ ಕೆಂಪಗಿರುವ ಊರಿನಲ್ಲಿ ಅದು ಕಷ್ಟವೇನಲ್ಲ.

ಐದು ತಿಂಗಳಿಗೆ ಅವನು ಕೆಲಸದ ಜಾಗದಲ್ಲೇ ಬಿದ್ದ. ಅಲ್ಲಿ ಕೆಲವು ದಿನ ಆಸ್ಪತ್ರೆ, ಆಮೇಲೆ ಊರು, ಆಮೇಲೆ ಬಳ್ಳಾರಿಯಲ್ಲಿ ಮತ್ತೆ ಆಸ್ಪತ್ರೆ. ಕ್ಷಯ. ಎರಡೂ ಪುಪ್ಪುಸ ತಿಂದುಹಾಕಿತ್ತು. ಡಾಕ್ಟರು ಸಿಟ್ಟಿನಿಂದಲ್ಲ, ಬೇಸರದಿಂದ ಹೇಳಿದರು, ಆರು ತಿಂಗಳು ಮುಂಚೆ ಬಂದಿದ್ದರೆ ಬರೀ ಗುಳಿಗೆಯಲ್ಲಿ ವಾಸಿಯಾಗುವ ರೋಗ ಎಂದು. ಆರು ತಿಂಗಳು.

ಅವನನ್ನು ಕೊನೆಯ ಸಲ ನೋಡಿದ್ದು ಒಂದು ಮಧ್ಯಾಹ್ನ. ಅವನ ಹೆಂಡತಿ ಕೆಳಗೆ ಗಂಜಿ ತರಲು ಹೋಗಿದ್ದಳು. ಮಾತಾಡಲು ಅವನಿಗೆ ತ್ರಾಣವಿರಲಿಲ್ಲ, ತುಂಡು ತುಂಡಾಗಿ ಆಡಿದ.

"ಊರು ನೋಡಾಕ ನಿನ್ನ ಕರದಿದ್ದಿಲ್ಲಲೇ. ಇದನ್ನ ಕೇಳಾಕ ಕರದಿದ್ದೆ. ಡಾಕ್ಟರಗ ತೋರಸಾಕ ಅಂಜಿಕಿ ಇತ್ತು, ನೀ ಬಟ್ಟಿ ನೋಡಿ ಹೇಳಾಂವ ಅಂತ..."

ಅವನು ಸ್ವಲ್ಪ ಹೊತ್ತು ಉಸಿರು ಹುಡುಕಿದ.

"ನೀ ಹೇಳಿದ್ರ ಮರುದಿನಾನ ಬರ್ತಿದ್ದೆ. ಇರ್ಲಿ ಬಿಡು. ನಾನೂ ಧೂಳು ಅನ್ನಾದನ್ನ ಕೇಳಬೇಕಂತ ಇದ್ದೆ."

ಇರಲಿ ಬಿಡು ಎಂದ. ಕೊರಳಪಟ್ಟಿ ಹಿಡಿದು ಕೇಳಬೇಕಾದವನು ನನ್ನನ್ನೇ ಸಮಾಧಾನ ಮಾಡಿ ಹೋದ. ಮೂರನೆಯ ದಿನ ತೀರಿಕೊಂಡ. ಅವನಿಗೆ ನಲವತ್ತೂ ತುಂಬಿರಲಿಲ್ಲ.

ದಿನಕರ್ಮವೆಲ್ಲ ಮುಗಿದ ಮೇಲೆ ಅವನ ಹೆಂಡತಿ ನನ್ನನ್ನು ಕೇಳಿದಳು. "ಅಣ್ಣಾರ, ನೀವು ಎರಡು ದಿನ ಅವರ ಜೋಡಿ ಇದ್ರಿ. ನಿಮಗೇನೂ ಕಾಣಲಿಲ್ಲೇನ್ರಿ?"

"ಇಲ್ಲವ್ವ" ಎಂದೆ. ಅದು ನನ್ನ ಎರಡನೆಯ ಸುಳ್ಳು. ಮೊದಲನೆಯದು ಬಾಯಿ ತಪ್ಪಿ ಬಂತೆನ್ನಬಹುದು. ಇದನ್ನು ಯೋಚಿಸಿ ಹೇಳಿದೆ.

ಅವಳು ಯಾರ ಮುಂದೆಯೂ ಕೈಚಾಚಲಿಲ್ಲ. ಹಂಪಿಗೆ ಹೋಗುವ ರಸ್ತೆಯ ಬದಿಗೆ, ಮನೆಯ ಮುಂದೆಯೇ, ಒಂದು ಖಾನಾವಳಿ ಹಾಕಿದಳು. ಹಂಪಿಯ ಲಾಡ್ಜುಗಳ ಹಾಸಿಗೆ ಬಟ್ಟೆ ತರಲು ನಾನು ಹದಿನೈದು ದಿನಕ್ಕೊಮ್ಮೆ ಆ ದಾರಿಯಲ್ಲಿ ಹೋಗುತ್ತಿದ್ದೆ, ಹೋದಾಗಲೆಲ್ಲ ಅಲ್ಲಿ ಉಣ್ಣುತ್ತಿದ್ದೆ. ನನಗೆ ಒಡಹುಟ್ಟಿದ ತಂಗಿಯಿಲ್ಲ, ಅವಳಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಪಂಚಮಿಗೆ ಸೀರೆ ಒಯ್ದು ಕೊಡುತ್ತಿದ್ದೆ. ಅವಳು ಎಳ್ಳುಂಡಿ ಕಟ್ಟಿ ಕೊಡುತ್ತಿದ್ದಳು. ಗಣಿಗಳು ನಿಂತವು, ಲಾರಿಗಳು ಕಡಿಮೆಯಾದವು, ರಸ್ತೆಯ ಬೇವುಗಳು ಹಸಿರಾದವು. ಆ ಖಾನಾವಳಿಯ ಊಟ ಮಾತ್ರ ನಿಲ್ಲಲಿಲ್ಲ. ದೋಸ್ತನನ್ನು ಕಳೆದುಕೊಂಡವನಿಗೆ ಅವನ ಮನೆಯಾದರೂ ಉಳಿಯಿತು ಎಂದುಕೊಂಡಿದ್ದೆ. ಅಂಗಡಿಯಲ್ಲಿ ಈಗ ನಾನು ಯಾವ ಕಲೆಯನ್ನೂ ಧೂಳು ಎನ್ನುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಕೆಲವು ಗಿರಾಕಿಗಳು ಬೈದು ಬೇರೆ ಅಂಗಡಿ ಹಿಡಿದರು. ಊರಿಗೆಲ್ಲ ನಿಜ ಹೇಳುತ್ತ, ಹೇಳಬೇಕಾದವಳ ಮುಂದೆ ಮಾತ್ರ ಅನ್ನ ಕಲಸಿಕೊಂಡು ಕೂರುತ್ತಿದ್ದೆ.

ಆ ಸೀಸೆ ಸಿಕ್ಕ ಮರುದಿನ ಕಡ್ಡಿರಾಂಪುರಕ್ಕೆ ಹೋದೆ. ಊಟದ ಹೊತ್ತು ಮುಗಿದು, ಖಾನಾವಳಿಯಲ್ಲಿ ಯಾರೂ ಇರಲಿಲ್ಲ. ಅವಳು ನನಗೆ ತಟ್ಟೆ ಹಾಕಿ, ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ತಟ್ಟೆಗೆ ಕೈ ಹಚ್ಚದೆ ಎಲ್ಲವನ್ನೂ ಹೇಳಿದೆ. ಕರ್ಚೀಫು, ಗುಲಾಬಿ ನೀರು, ಅವನು ಬಾಗಿಲಲ್ಲಿ ನಿಂತು ಕೇಳಿದ್ದು, ನಾನು ಅಂದದ್ದು. ಅವಳು ಕೇಳಿದಾಗ ಇಲ್ಲವ್ವ ಎಂದದ್ದು ಸುಳ್ಳು ಎಂಬುದನ್ನೂ ಹೇಳಿದೆ. ಅವಳು ನಿಂತೇ ಕೇಳಿದಳು. ಅಳಲಿಲ್ಲ. ನಾನು ಮುಗಿಸಿದ ಮೇಲೆ ತಟ್ಟೆಯ ಕಡೆ ನೋಡಿ, "ಆರಿ ಹೋಗ್ತತಿ, ಉಣ್ರಿ" ಎಂದಳು.

ಉಂಡೆ. ಅನ್ನ ಹಾಕಿದಳು. ಎಂದಿನಂತೆ ಕೇಳದೆಯೇ ಮಜ್ಜಿಗೆ ಹಾಕಿದಳು. ಎದ್ದಾಗ ತಂಬಿಗೆಯಿಂದ ಕೈಗೆ ನೀರು ಹಾಕಿದಳು, ಒರೆಸಿಕೊಳ್ಳಲು ಟವೆಲು ಕೊಟ್ಟಳು. ಕ್ಷಮಿಸಿದಳು ಎಂದು ಒಂದು ಗಳಿಗೆ ನಾನು ಮೂರ್ಖನಂತೆ ಅಂದುಕೊಂಡೆ.

"ಅಣ್ಣಾರ" ಎಂದಳು, ಬಾಗಿಲ ತನಕ ಬಂದು. "ಅವತ್ತ ಹೇಳಿದ್ರ ನಾ ಹೆಂಗರ ತಡಕೊಂತಿದ್ದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ನನ್ನ ಕೈಯಾಗಿಂದು ಉಂಡ್ರಲ್ಲ... ಇನ್ನ ಮ್ಯಾಲೆ ಬರಬ್ಯಾಡ್ರಿ."

ಧ್ವನಿ ಏರಿಸಲಿಲ್ಲ. ಅಣ್ಣಾರ ಎನ್ನುವುದನ್ನೂ ಬಿಡಲಿಲ್ಲ.

ಹೊಸಪೇಟೆಯಿಂದ ಹಂಪಿಗೆ ಎರಡು ದಾರಿ. ಈಗ ನಾನು ಕಮಲಾಪುರದ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಆ ದಾರಿಯಲ್ಲಿ ನನಗೆ ಗೊತ್ತಿದ್ದವರು ಯಾರೂ ಇಲ್ಲ, ಎಲ್ಲಿಯೂ ಗಾಡಿ ನಿಲ್ಲಿಸುವುದಿಲ್ಲ. ಅವಳು ಬೈದಿದ್ದರೆ, ತಟ್ಟೆ ಕಸಿದು ಎಬ್ಬಿಸಿದ್ದರೆ, ಇನ್ನೊಂದು ದಿನ ಹೋಗಿ ಕಾಲು ಹಿಡಿಯಬಹುದಿತ್ತು. ಹೊಟ್ಟೆ ತುಂಬ ಬಡಿಸಿ, ಕೈಗೆ ನೀರು ಹಾಕಿ ಕಳಿಸಿದವಳ ಬಾಗಿಲಿಗೆ ಮತ್ತೆ ಯಾವ ಮುಖ ಹೊತ್ತು ಹೋಗಲಿ...